ಬೂದಿ ಅಂಗಿಯವರು

ಶಾಂಭವಿ ಮೊಣಕೈಯಿಂದ ಗಾಜು ಒಡೆದಳು. ಒಳಗೆ ಕೊಕ್ಕೆಗೆ ತೂಗಿದ್ದ ಕಬ್ಬಿಣದ ಕೀಲಿಯನ್ನು ಕಿತ್ತುಕೊಂಡು ಕೆಳಗಿಳಿಯುವ ಮೆಟ್ಟಿಲಿನತ್ತ ಓಡಿದಳು. ಬೆನ್ನ ಹಿಂದೆ, ಗೋಡೆಯ ಸ್ಪೀಕರಿನಿಂದ, ಕಪ್ತಾನನ ದನಿ ಕೇಳಿತು. ಅದರಲ್ಲಿ ಗಾಬರಿಯಿರಲಿಲ್ಲ. ಯಾವತ್ತೂ ಇರುತ್ತಿರಲಿಲ್ಲ.

"ನಿಮ್ಮ ಜಾಗ ಬಿಟ್ಟು ಹೋಗದಿರಿ, ಗೆಳತಿ. ಬಾಗಿಲು ಮುಚ್ಚುತ್ತಿದ್ದೇನೆ. ನಮ್ಮ ಹಡಗು ಉಳಿಯಲೇಬೇಕು."

ಹಡಗು ಎಂದರೆ ಊರು. ಕಡಲಿನ ಬಾಗಿಲು ನಡೆಸುವ ಯಂತ್ರವೇ ಕಪ್ತಾನ; ಅವನು ಊರನ್ನು ಹಡಗು ಎಂದೇ ಕರೆಯುತ್ತಿದ್ದ.

ಕೆಳಗಿನ ಕೋಣೆಯಲ್ಲಿ ಆಳೆತ್ತರದ ಕೈಚಕ್ರವಿತ್ತು. ಯಂತ್ರ ಕೆಟ್ಟುಹೋದರೆ ಕಡಲಿನ ಬಾಗಿಲನ್ನು ಮನುಷ್ಯರೇ ತಿರುಗಿಸಲೆಂದು ಇಟ್ಟದ್ದು. ಆಗಾಗ ಎಣ್ಣೆ ಹಾಕಿದ್ದು ಬಿಟ್ಟರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅವಳು ಕೀಲಿ ಸಿಕ್ಕಿಸಿ ಯಂತ್ರದ ಹಿಡಿತ ಬಿಡಿಸಿದಳು. ಗೋಡೆಯ ಕಿಂಡಿಯಿಂದ ಅಳಿವೆ ಕಾಣುತ್ತಿತ್ತು. ಹೊಳೆ ಕಡಲಿಗೆ ಸೇರುವ ಆ ಬಾಯಿಗೆ ಅಡ್ಡವಾಗಿ ಎರಡು ಉಕ್ಕಿನ ಕದಗಳು ಒಂದರತ್ತ ಒಂದು ಸರಿಯುತ್ತಿದ್ದವು. ಆಚೆ, ಏಳುತ್ತ ಬೀಳುತ್ತ, 'ಬೊಬ್ಬರ್ಯ ಪ್ರಸಾದ' ಬರುತ್ತಿತ್ತು. ಅವಳ ಅಣ್ಣ ಶೀನನ ಬೋಟು.

ಸೊಂಟದ ವೈರ್‌ಲೆಸ್ ಗೊರಗುಟ್ಟಿತು. "ತಂಗೀ, ಬಾಗ್ಲ್ ಮುಚ್ತಾ ಉಂಟಲ್ಲೆ. ನಾವ್ ಕಾಂತಿಲ್ಯಾ?"

"ಕಾಂತ್ರಿ ಅಣ್ಣ. ನೆಟ್ಟಗೆ ಬನ್ನಿ. ನಾ ಹಿಡ್ಕಂತೆ."

ಚಕ್ರ ಮೊದಲು ಅಲುಗಲಿಲ್ಲ. ಕಾಲನ್ನು ಗೋಡೆಗೆ ಒತ್ತಿ, ಇಡೀ ಮೈಯನ್ನು ಅದಕ್ಕೆ ನೇತುಹಾಕಿದಳು. ಆಗ ಒಂದು ಹಲ್ಲು ಸರಿಯಿತು, ಮತ್ತೊಂದು ಸರಿಯಿತು. ಕದಗಳು ನಿಂತವು. ಸ್ವಲ್ಪ ಹಿಂದಕ್ಕೂ ಹೋದವು. ಬೋಟಿನ ಮೂತಿ ನಡುವೆ ನುಗ್ಗಿತು. ಮುಂದುಗಡೆ ಶೀನ ಉದ್ದ ಗಳ ಹಿಡಿದು ನಿಂತಿದ್ದ, ಬೋಟು ಕದಕ್ಕೆ ಬಡಿಯದಂತೆ ತಳ್ಳಲು. ಅಲೆಯೊಂದು ಹಿಂದಿನಿಂದ ಬೋಟನ್ನು ಎತ್ತಿ ಓರೆ ಮಾಡಿತು. ಮರ ಉಕ್ಕಿಗೆ ಉಜ್ಜಿದ ಸದ್ದಾಯಿತು. ಬೋಟು ಒಳಗೆ ಬಂತು. ಮೂವರು ಒಳಗೆ ಬಂದರು. ಶೀನ ಬರಲಿಲ್ಲ. ಏರುತ್ತಿದ್ದ ನೀರು ನೋಡಿ ಅವಳು ಚಕ್ರವನ್ನು ಹಿಂದಕ್ಕೆ ತಿರುಗಿಸಿ ಕದ ಮುಚ್ಚಿದಳು.

ಮೇಲಿನಿಂದ ಕಪ್ತಾನನ ದನಿ ತೇಲಿ ಬಂತು. "ಒಬ್ಬನನ್ನು ಕಳೆದುಕೊಂಡೆವು, ಗೆಳೆಯರೇ. ಆದರೆ ಪಯಣ ಮುಂದುವರಿಯಬೇಕು."

ಸ್ವಲ್ಪ ಹೊತ್ತಿನ ಹಿಂದೆ ಇದೇ ಕಪ್ತಾನ, ನೀರು ಅಪಾಯದ ಗೆರೆ ದಾಟಿದ ಮೇಲೂ ಕದ ತೆರೆದಿಟ್ಟು, ಕಡಲ ಸಂಶೋಧನೆಯ ಹಡಗೊಂದನ್ನು ಕಾದು ಒಳಗೆ ಕರೆದುಕೊಂಡಿದ್ದ. ಆ ಹಡಗು ಶೀನನ ಬೋಟಿಗಿಂತ ಹಿಂದೆಯಿತ್ತು. ಎಂಜಿನ್ ದೊಡ್ಡದಾದ್ದರಿಂದ ಅದು ಬೋಟನ್ನು ದಾಟಿ ಮುಂದೆ ಬಂದಿತ್ತು, ಅಷ್ಟೆ.

*

ಮುತ್ತಲಕೋಡಿಗೆ ಬಾಗಿಲು ಬಂದದ್ದು ಕಡಲು ಏರಿದ ಮೇಲೆ. ಬಿರುಗಾಳಿ ಬಂದಾಗ ಅಳಿವೆಯನ್ನು ಮುಚ್ಚದಿದ್ದರೆ ಉಪ್ಪುನೀರು ಪೇಟೆಯ ಅಂಗಡಿಗಳ ಗಲ್ಲಾಪೆಟ್ಟಿಗೆಯವರೆಗೂ ಬರುತ್ತಿತ್ತು. ನೀರಿನ ಎತ್ತರ ಅಳೆಯುವುದು, ಗಾಳಿಯ ವೇಗ ಊಹಿಸುವುದು, ಇದೆಲ್ಲ ಯಂತ್ರಕ್ಕೆ ಸುಲಭವಾಗಿತ್ತು. ಕಷ್ಟದ ಪ್ರಶ್ನೆ ಒಂದೇ. ಮುಚ್ಚಲೇಬೇಕಾದ ಹೊತ್ತಿಗೆ ಹೊರಗೆ ಜನ ಇದ್ದರೆ ಏನು ಮಾಡಬೇಕು?

ಮೊದಲ ಯಂತ್ರ, ನೀರು ಗೆರೆ ಮುಟ್ಟಿದ ಕೂಡಲೇ, ಕಣ್ಣುಮುಚ್ಚಿ ಬಾಗಿಲು ಹಾಕುತ್ತಿತ್ತು. ಒಂದು ಮಳೆಗಾಲದಲ್ಲಿ ಬೋಟಿನವರು ಬಂದು ನಿಯಂತ್ರಣ ಕೊಠಡಿಗೆ ಕಲ್ಲು ಹೊಡೆದರು. ಎರಡನೆಯ ಯಂತ್ರ ಪ್ರತಿ ಸಲ ಅಧಿಕಾರಿಯ ಅಪ್ಪಣೆ ಕೇಳುತ್ತಿತ್ತು. ಅಧಿಕಾರಿ ತನ್ನ ಮೇಲಿನವರನ್ನು ಕೇಳುತ್ತಿದ್ದ. ಅವರು ಸಭೆಯಲ್ಲಿರುತ್ತಿದ್ದರು. ನೀರು ಸಭೆ ಮುಗಿಯುವವರೆಗೆ ಕಾಯಲಿಲ್ಲ.

ಆಗ ಬಂದವರು ಡಾಕ್ಟರ್ ಪ್ರಹ್ಲಾದ ಹುಯಿಲಗೋಳ. ಗದಗಿನ ಕಡೆಯವರು. ಬಾಲ್ಯವನ್ನೆಲ್ಲ ಟಿವಿಯ ಮುಂದೆ ಕಳೆದೆನೆಂದು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಅವರ ವಾದ ಸರಳವಾಗಿತ್ತು. ಯಾವುದು ಸರಿ ಎಂದು ಜನರನ್ನು ಕೇಳಿದರೆ ಜಗಳವಾಡುತ್ತಾರೆ. ಆದರೆ ಅದೇ ಜನ ವಾರವಾರವೂ ಒಟ್ಟಿಗೆ ಕೂತು, ಒಬ್ಬ ನಾಯಕ ಮಾಡಿದ್ದನ್ನು ನೋಡಿ ಒಟ್ಟಿಗೆ ಕಣ್ಣೊರೆಸಿಕೊಂಡಿದ್ದಾರೆ. ಅವರ ನ್ಯಾಯ ಅಲ್ಲಿದೆ. ಯಂತ್ರಕ್ಕೆ ಅದನ್ನೇ ಕಲಿಸೋಣ.

ಕಲಿಸುವ ಬಗೆಯೂ ಗೂಢವಾದದ್ದೇನಲ್ಲ. ಒಂದು ಧಾರಾವಾಹಿಯ ಎಲ್ಲ ಕಂತುಗಳನ್ನೂ ಯಂತ್ರಕ್ಕೆ ತೋರಿಸುವುದು. ಪ್ರತಿ ದೃಶ್ಯದಲ್ಲಿ ಅಪಾಯದಲ್ಲಿದ್ದವರು ಯಾರು, ನಾಯಕನಿಗೆ ಏನು ಗೊತ್ತಿತ್ತು, ಅವನು ಏನು ಮಾಡಿದ, ಕೊನೆಗೆ ಏನಾಯಿತು ಎಂದು ಯಂತ್ರವೇ ಬಿಡಿಸಿಕೊಳ್ಳುತ್ತದೆ. ನೂರಾರು ದೃಶ್ಯಗಳಿಂದ ಒಂದು ಅಭ್ಯಾಸ ಹುಟ್ಟುತ್ತದೆ. ಬಿರುಗಾಳಿ ಬಂದಾಗ ಯಂತ್ರ ಆ ಅಭ್ಯಾಸದಂತೆ ನಡೆದುಕೊಳ್ಳುತ್ತದೆ.

ಊರಿನ ಮುಂದೆ ಎರಡು ಹಳೆಯ ಧಾರಾವಾಹಿಗಳನ್ನಿಟ್ಟರು. ಎರಡೂ ಶಾಂಭವಿಯ ಅಪ್ಪನ ಕಾಲದವು. 'ಧ್ರುವನೌಕೆ'ಯಲ್ಲಿ ಕಪ್ತಾನ ಇಂದ್ರಸೇನ ಗ್ರಹದಿಂದ ಗ್ರಹಕ್ಕೆ ಹಾರುತ್ತ, ನಿಯಮ ಮುರಿಯುತ್ತ, ಅಪಾಯದ ನಡುವೆ ತಮಾಷೆ ಮಾಡುತ್ತ, ಕಟ್ಟಕಡೆಯ ಗಳಿಗೆಯಲ್ಲಿ ಗೆಲ್ಲುತ್ತಿದ್ದ. "ಯಾರನ್ನೂ ಹಿಂದೆ ಬಿಟ್ಟು ಹೋಗುವವನಲ್ಲ ನಾನು" ಎಂಬುದು ಅವನ ಮಾತು. 'ಕೊನೆಯ ಠಾಣೆ'ಯಲ್ಲಿ ಅಧಿಕಾರಿ ತಾರಾಮತಿ ಗಾಳಿಯೇ ಸಾಲದ ಒಂದು ಠಾಣೆಯಲ್ಲಿ ಕೂತು ಯಾರಿಗೆ ಎಷ್ಟು ಉಸಿರು ಎಂದು ಎಣಿಸುತ್ತಿದ್ದಳು. ಒಮ್ಮೆ ಸ್ವಂತ ತಮ್ಮನ ಮುಂದೆಯೇ ಬಾಗಿಲು ಹಾಕಿದ್ದಳು. ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

ಆ ತಿಂಗಳು ಊರು ಎರಡಾಯಿತು. ಮೀನು ಹರಾಜಿನ ಕಟ್ಟೆಯಲ್ಲಿ, ಐಸ್ ಪ್ಲಾಂಟಿನ ಸಾಲಿನಲ್ಲಿ, ಸಲೂನಿನಲ್ಲಿ ಅದೇ ಮಾತು. ತಾರಾಮತಿಯವರು ಹೇಳಿದರು, ಇಂದ್ರಸೇನ ಜೂಜುಕೋರ, ಒಂದು ಸಲ ಸೋತರೆ ಊರೇ ಹೋಗುತ್ತದೆ ಎಂದು. ಇಂದ್ರಸೇನನವರು ಕೇಳಿದರು, ತಮ್ಮನನ್ನೇ ಹೊರಗೆ ಬಿಟ್ಟವಳು ನಿಮ್ಮನ್ನು ಒಳಗೆ ಕರೆಯುತ್ತಾಳೆಯೇ ಎಂದು. ಶೀನ ಕಪ್ತಾನನ ಪಕ್ಷದ ದೊಡ್ಡ ಗಂಟಲು. ತಾರಾಮತಿ ಮದುವೆಮನೆಗೆ ಬಂದರೆ ಪಾಯಸ ಬಡಿಸುವ ಮೊದಲು ಎಲೆ ಎಣಿಸುತ್ತಾಳೆ ಎಂದು ಅವನು ಹೇಳಿದ್ದು ಊರಿಡೀ ಓಡಾಡಿತು. ಬೋಟಿನ ಕ್ಯಾಬಿನ್ನಿನಲ್ಲಿ, ದೇವರ ಪಟದ ಕೆಳಗೆ, ಇಂದ್ರಸೇನನ ಚಿತ್ರ ಅಂಟಿಸಿದ್ದ. ಮತಕ್ಕೆ ಹಾಕಿದಾಗ ಕಪ್ತಾನ ದೊಡ್ಡ ಅಂತರದಿಂದ ಗೆದ್ದ. ಶಾಂಭವಿಯೂ ಅವನಿಗೇ ಹಾಕಿದ್ದಳು. ಬಾಗಿಲಿನ ಕೊಠಡಿಯಲ್ಲಿ ಎಂಜಿನಿಯರಾಗಿ ಆರು ವರ್ಷ ಕೂತವಳು, ಹಿಂದೆ ಬಿಟ್ಟು ಹೋಗುವುದಿಲ್ಲ ಎಂಬ ಒಂದು ಮಾತಿಗೆ ಸೋತಿದ್ದಳು.

*

ಕ್ರಿಯಾಕರ್ಮಗಳು ಮುಗಿದು ನೆಂಟರು ಹೊರಟ ಮಧ್ಯಾಹ್ನ ಅತ್ತಿಗೆ ಗುಲಾಬಿ ಟಿವಿಯ ಮುಂದೆ ಕಾಲು ಚಾಚಿ ಕೂತಳು. ಶೀನ ಹೋದ ಮೇಲೆ ಅವಳು ಅತ್ತದ್ದು ಕಡಿಮೆ. ಮೀನು ಮಾರುವ ಬುಟ್ಟಿಯನ್ನು ಮಾತ್ರ ಮೂರು ಸಲ ತೊಳೆದು ಬಿಸಿಲಿಗಿಟ್ಟಿದ್ದಳು.

"ಹೆಣೆ, ಆ ಕಪ್ತಾನನ್ನ ಹಾಕ್," ಎಂದಳು. "ಅವ ಎಂತಾ ಜನ, ಕಾಂಬ."

ಶಾಂಭವಿಗೆ ಆ ದನಿ ಕೇಳುವ ಮನಸ್ಸಿರಲಿಲ್ಲ. ತನಿಖೆ ನಡೆಯುತ್ತಿತ್ತು. ಯಂತ್ರ ಕೆಟ್ಟಿಲ್ಲ, ಕಲಿತಂತೆಯೇ ನಡೆದಿದೆ ಎಂದು ಬಾಗಿಲಿನ ಪ್ರಾಧಿಕಾರದವರು ಹೇಳಿದ್ದರು. ಅವಳು ಚಕ್ರ ತಿರುಗಿಸಿದ್ದರಿಂದ ಐಸ್ ಪ್ಲಾಂಟಿಗೂ ಬಲೆ ಗೋದಾಮಿಗೂ ನೀರು ನುಗ್ಗಿತ್ತು. ಅದಕ್ಕೆ ಅವಳನ್ನು ಯಾರೂ ಬಯ್ಯಲಿಲ್ಲ, ಹೊಗಳಲೂ ಇಲ್ಲ. ಆದರೂ ಗುಲಾಬಿ ಕೇಳಿದ್ದಕ್ಕೆ ಮೊದಲ ಕಂತು ಹಾಕಿದಳು. ಅನ್ನಕ್ಕಿಟ್ಟು, ಬಟ್ಟೆ ಮಡಚಿ, ಅಕ್ಕಪಕ್ಕದ ಹೆಂಗಸರು ಬಂದಾಗ ನಿಲ್ಲಿಸಿ, ಹೋದಾಗ ಮತ್ತೆ ಹಚ್ಚಿ, ಇಬ್ಬರೂ ಆ ವಾರವೆಲ್ಲ 'ಧ್ರುವನೌಕೆ' ನೋಡಿದರು.

ಒಪ್ಪಬೇಕಾದ ಮಾತು, ಅವನು ಇಷ್ಟವಾಗುವ ಮನುಷ್ಯನೇ. ನೌಕೆ ಉರಿಯುತ್ತಿದ್ದರೂ ಕಾಲರ್ ಸರಿಮಾಡಿಕೊಂಡು ನಗುತ್ತಿದ್ದ. ಗುಲಾಬಿ ಕೂಡ ಒಂದೆರಡು ಸಲ ನಕ್ಕು, ನಕ್ಕದ್ದಕ್ಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಒಂದು ಕಂತಿನ ನಡುವೆ ಪರದೆಯತ್ತ ಕೈ ಮಾಡಿದಳು. ಕಪ್ತಾನ, ವೈದ್ಯ, ನೌಕೆ ನಡೆಸುವ ಹುಡುಗಿ, ಇವರೊಂದಿಗೆ ಬೂದಿ ಬಣ್ಣದ ಅಂಗಿ ತೊಟ್ಟ ಒಬ್ಬ ತರುಣ ಗುಹೆಯೊಳಗೆ ಹೋಗುತ್ತಿದ್ದ.

"ಇವನ ಹೆಸ್ರೆಂತ?"

"ಗೊತ್ತಿಲ್ಲೆ ಅತ್ತಿಗೆ. ಹೇಳಲಿಲ್ಲ ಅಲ್ದಾ."

ತರುಣ ಗುಹೆಯಲ್ಲಿ ಸತ್ತ. ಕಪ್ತಾನ ಮಂಡಿಯೂರಿ, ಒಬ್ಬನನ್ನು ಕಳೆದುಕೊಂಡೆವು ಗೆಳೆಯರೇ, ಆದರೆ ಪಯಣ ಮುಂದುವರಿಯಬೇಕು ಎಂದ. ಕಂತಿನ ಕೊನೆಗೆ ವೈದ್ಯ ಏನೋ ಚುಡಾಯಿಸಿದ, ಎಲ್ಲರೂ ನಕ್ಕರು, ಸಂಗೀತ ಬಂತು. ಮುಂದಿನ ಕಂತಿನಲ್ಲಿ ಇನ್ನೊಂದು ಬೂದಿ ಅಂಗಿ. ಗುಲಾಬಿ ಮತ್ತೆ ಹೆಸರು ಕೇಳಿದಳು. ಅದರ ಮುಂದಿನದರಲ್ಲಿ ಇಬ್ಬರು. ಯಾರಿಗೂ ಹೆಸರಿಲ್ಲ, ಹೆಂಡತಿಯ ಸುದ್ದಿಯಿಲ್ಲ, ಒಂದು ಸಾಲಿಗಿಂತ ಹೆಚ್ಚು ಮಾತಿಲ್ಲ. ಹೆಸರಿದ್ದವರು ಮಾತ್ರ ಯಾರೂ ಸಾಯಲಿಲ್ಲ. ಅವರು ಮುಂದಿನ ವಾರವೂ ಬರಬೇಕಾದವರು.

"ಇಷ್ಟ್ ಬೇಗ ನೆಗಾಡ್ತ್ರಲ್ಲೆ," ಎಂದಳು ಗುಲಾಬಿ. ಸಿಟ್ಟಿನಿಂದಲ್ಲ, ಬರೀ ಆಶ್ಚರ್ಯದಿಂದ.

ಶಾಂಭವಿಯ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಅವಳಿಗೆ ವೈರ್‌ಲೆಸ್ಸಿನ ಮಾತುಗಳು ನೆನಪಾದವು. ಬಿರುಗಾಳಿಯ ಆ ಮಧ್ಯಾಹ್ನ ಸಂಶೋಧನೆಯ ಹಡಗಿನವರು ಪ್ರತಿ ಸಲ ಮಾತಾಡುವಾಗಲೂ ಕ್ರಮವಾಗಿ ಹೆಸರು ಹೇಳುತ್ತಿದ್ದರು, ನಾನು ಇಂಥವನು, ನನ್ನ ಜೊತೆ ಇಂಥಿಂಥವರಿದ್ದಾರೆ ಎಂದು. ಅದು ಅವರ ಇಲಾಖೆಯ ಪದ್ಧತಿ. ಮುತ್ತಲಕೋಡಿಯವರ ಪದ್ಧತಿ ಬೇರೆ. ಅಳಿವೆ ದಾಟಿದ ಮೇಲೆ ಯಾರ ಹೆಸರನ್ನೂ ಯಾರೂ ಎತ್ತುವುದಿಲ್ಲ. ಹೆಸರು ಕಡಲಿನ ಕಿವಿಗೆ ಬೀಳಬಾರದು ಎಂದು ಅಜ್ಜಂದಿರ ಕಾಲದಿಂದ ಬಂದದ್ದು. ಬೋಟಿನ ಹೆಸರು ಹೇಳುತ್ತಾರೆ, ಇಲ್ಲವೆ ಅಣ್ಣ, ಭಾವ, ಮಾವ ಎನ್ನುತ್ತಾರೆ. ವೈರ್‌ಲೆಸ್ ಬಂದ ಮೇಲೂ ಅದು ಬಿಟ್ಟುಹೋಗಿರಲಿಲ್ಲ. ಅವಳು ಕೂಡ ಆವತ್ತು ಅಣ್ಣ ಎಂದಿದ್ದಳು.

ಕಪ್ತಾನನ ಕಿವಿಗೆ ಹೊರಗಿದ್ದ ಬೋಟಿನಲ್ಲಿ ಯಾರೂ ಇರಲಿಲ್ಲ. ಬೂದಿ ಅಂಗಿಗಳಿದ್ದವು.

*

ಹುಯಿಲಗೋಳರು ಅದನ್ನು ಮೊದಲು ನಂಬಲಿಲ್ಲ. ಹೆಸರು ನೋಡು ಎಂದು ನಾವು ಯಂತ್ರಕ್ಕೆ ಹೇಳಿಯೇ ಇಲ್ಲ ಎಂದರು. ಹೇಳಬೇಕಾಗಿಲ್ಲ, ಅದೇ ನೋಡಿಕೊಂಡಿದೆ ಎಂದಳು ಶಾಂಭವಿ. ಇಬ್ಬರೂ ನಿಯಂತ್ರಣ ಕೊಠಡಿಯಲ್ಲಿ ಕೂತರು. ಬಾಗಿಲಿನಿಂದ ಯಂತ್ರವನ್ನು ಬೇರ್ಪಡಿಸಿ, ಅದಕ್ಕೆ ಆ ದಿನದ ಬಿರುಗಾಳಿಯನ್ನೇ ಮತ್ತೆ ಉಣಿಸಿದರು. ಅದೇ ಗಾಳಿ, ಅದೇ ನೀರು, ಅದೇ ಬೋಟು. ವೈರ್‌ಲೆಸ್ಸಿನಲ್ಲಿ ಶೀನನ ದನಿ ಬಂದಾಗ ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಕಪ್ತಾನ ಕದ ಮುಚ್ಚಿದ.

ಎರಡನೆಯ ಸಲ ಅವಳು ಮೈಕ್ ಕೈಗೆತ್ತಿಕೊಂಡಳು. ಒಣನೆಲದ ಮೇಲೆ, ಫ್ಯಾನಿನ ಕೆಳಗೆ ಕೂತಿದ್ದರೂ ಹೆಸರು ಎತ್ತಲು ನಾಲಿಗೆ ಏಳಲಿಲ್ಲ.

"ಬೋಟಿನಲ್ಲಿ ಶೀನ ಇದ್ದಾನೆ," ಎಂದಳು. "ಹೆಂಡತಿ ಗುಲಾಬಿ. ಹಲ್ಲು ನೋವಿಗೆ ನಿನ್ನೆಯಿಂದ ಲವಂಗ ಜಗಿಯುತ್ತಿದ್ದಾನೆ. ಕಪ್ತಾನ ಇಂದ್ರಸೇನನಿಗೆ ಮತ ಹಾಕಿದ್ದಾನೆ."

"ಧೈರ್ಯವಾಗಿರು ಶೀನ," ಎಂದಿತು ಸ್ಪೀಕರು ಕೂಡಲೇ, ಬೆಚ್ಚಗಿನ ದನಿಯಲ್ಲಿ. "ಯಾರನ್ನೂ ಹಿಂದೆ ಬಿಟ್ಟು ಹೋಗುವವನಲ್ಲ ನಾನು." ಪರದೆಯ ಮೇಲಿನ ಕದಗಳು ತೆರೆದೇ ನಿಂತವು. ನೀರು ಗೆರೆ ದಾಟಿತು, ಬೋಟು ಒಳಗೆ ಬಂತು, ಕದ ಮುಚ್ಚಿತು. ಒಬ್ಬರೂ ಸಾಯಲಿಲ್ಲ.

ಹುಯಿಲಗೋಳರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಣ್ಣವನಿದ್ದಾಗ ತಾನು ಆ ಅಂಗಿಯವರನ್ನು ನೋಡಿಯೇ ಇರಲಿಲ್ಲ ಎಂದರು. ಅವರಿದ್ದರೆಂಬುದೇ ನೆನಪಿಲ್ಲ ಎಂದರು. ಅದು ಸುಳ್ಳಿರಲಿಲ್ಲ. ಶಾಂಭವಿಗೂ ನೆನಪಿರಲಿಲ್ಲ.

ಆದರೆ ಅವರು ಸೋತು ಕೂರುವ ಜಾತಿಯಲ್ಲ. ಮರುದಿನವೇ ಒಂದು ಪರಿಹಾರ ತಂದರು. ಬೋಟಿನವರೆಲ್ಲ ವೈರ್‌ಲೆಸ್ಸಿನಲ್ಲಿ ಕಡ್ಡಾಯವಾಗಿ ಹೆಸರು ಹೇಳಲಿ. ಶಾಂಭವಿ ಅದನ್ನು ಮನೆಯಲ್ಲಿ ಗುಲಾಬಿಗೆ ಹೇಳಿದಳು.

ಗುಲಾಬಿ ಬಂಗುಡೆಯ ಹೊಟ್ಟೆ ಸೀಳುತ್ತಿದ್ದಳು. ಕತ್ತಿ ನಿಲ್ಲಿಸಲಿಲ್ಲ. "ಹೆಸ್ರ್ ಹೇಳ್ಕಾ, ಜೀವ ಉಳೂಕೆ? ನಾಳೆ ಹಾಡೂ ಹಾಡ್ಕಾ? ಅವನಿಗೆ ಚಂದ ಕಾಂಬಂಗೆ ಮೀಸೆ ತಿರ್ಪ್ಕಾ?"

ಹೆಸರು ಹೇಳಿಸಿದರೂ ಮುಗಿಯುವುದಿಲ್ಲವೆಂದು ಶಾಂಭವಿಗೂ ಗೊತ್ತಿತ್ತು. ಮುಂದೆ ಯಾರು ಹೆಚ್ಚು ಮಾತಾಡುತ್ತಾರೋ ಅವರು ಉಳಿಯುತ್ತಾರೆ. ಯಾರ ಹೆಂಡತಿಯ ಹೆಸರು ಕೇಳಲು ಇಂಪಾಗಿದೆಯೋ ಅವರು.

*

ಹುಯಿಲಗೋಳರ ಎರಡನೆಯ ಪರಿಹಾರ ತಾರಾಮತಿ. ಅವಳ ಯಂತ್ರವೂ ಸಿದ್ಧವಿತ್ತು, ಸೋತ ಅಭ್ಯರ್ಥಿಯಂತೆ ಮೂಲೆಯಲ್ಲಿತ್ತು. ಅದನ್ನು ಜೋಡಿಸಿ ಅದೇ ಬಿರುಗಾಳಿ ಕೊಟ್ಟರು. ನೀರು ಗೆರೆ ಮುಟ್ಟುವ ಮೊದಲೇ ತಾರಾಮತಿ ಸಂಶೋಧನೆಯ ಹಡಗಿನ ಮುಂದೆಯೂ ಬೋಟಿನ ಮುಂದೆಯೂ ಬಾಗಿಲು ಹಾಕಿದಳು. ಹೆಸರು ಹೇಳಿದರು, ಹಾಕಿದಳು. ಶಾಂಭವಿ ಬೋಟಿನಲ್ಲಿ ಹಸುಗೂಸೊಂದು ಇದೆ ಎಂದಳು, ಹಾಕಿದಳು. ಬೋಟು ಬಾಗಿಲಿನಿಂದ ಒಂದು ಮಾರು ದೂರದಲ್ಲಿತ್ತು, ನೀರು ಇನ್ನೂ ಗೆರೆಯ ಕೆಳಗಿತ್ತು. ಆಗಲೂ ಹಾಕಿದಳು, ಒಂದು ನಿಟ್ಟುಸಿರು ಬಿಟ್ಟು.

ಇದಕ್ಕೂ ಕಾರಣವಿತ್ತು, ಅದನ್ನು ಹುಯಿಲಗೋಳರೇ ನಾಚಿಕೆಯಿಂದ ಹೇಳಿದರು. 'ಕೊನೆಯ ಠಾಣೆ'ಯ ನಟರು ಒಬ್ಬೊಬ್ಬರಾಗಿ ಸಿನಿಮಾಕ್ಕೆ ಹೋಗುತ್ತಿದ್ದರಂತೆ. ಹೋದವರ ಪಾತ್ರವನ್ನು ಸಾಯಿಸಲೇಬೇಕು. ಆದ್ದರಿಂದ ಎರಡು ವಾರಕ್ಕೊಮ್ಮೆ ಬಾಗಿಲು ಹಾಕಲೇಬೇಕು. ಪ್ರೇಕ್ಷಕರು ಅದನ್ನು ತ್ಯಾಗ ಎಂದು ಅತ್ತರು.

"ಅಂದ್ರ ಒಬ್ಬಾಂವ ಮುಂದಿನ ವಾರ ಬರ್ಬೇಕು ಅಂತ ಗೆದ್ದ," ಎಂದರು ಹುಯಿಲಗೋಳರು. "ಇನ್ನೊಬ್ಬಾಕಿ ಮುಂದಿನ ವಾರ ಬರೋರಿಲ್ಲ ಅಂತ ಬಾಗಲಾ ಹಾಕಿದ್ಲು. ನಾ ಇದನ್ನ ನ್ಯಾಯ ಅಂತ ಯಂತ್ರಕ್ಕ ಕಲಿಸೇನಿ."

ಅವರ ಮುಖ ನೋಡಿ ಶಾಂಭವಿಗೆ ಕನಿಕರವೆನಿಸಿತು. ಆದರೂ ಆ ಇಬ್ಬರನ್ನೂ ಬರೀ ಸುಳ್ಳು ಎಂದು ತಳ್ಳಿಹಾಕಲು ಅವಳಿಗಾಗಲಿಲ್ಲ. ಹಿಂದೆ ಬಿಟ್ಟು ಹೋಗುವುದಿಲ್ಲ ಎಂಬ ಮಾತು ಯಾರ ಬಾಯಿಂದ ಬಂದರೂ ಒಳ್ಳೆಯ ಮಾತು. ಸ್ವಂತದವರೆಂದು ರಿಯಾಯಿತಿ ಇಲ್ಲ ಎಂಬುದೂ ಒಳ್ಳೆಯ ಮಾತೇ. ಕೆಟ್ಟದ್ದು ಆ ಮಾತುಗಳಲ್ಲಿರಲಿಲ್ಲ. ಬಾಗಿಲು ಹಾಕಿದ ಮೇಲೆ ಇಬ್ಬರಲ್ಲಿ ಒಬ್ಬರೂ ಸತ್ತವನ ಮನೆಯ ಮುಂದೆ ನಡೆದು ಹೋದ ದೃಶ್ಯ ಯಾವ ಕಂತಿನಲ್ಲೂ ಇರಲಿಲ್ಲ. ಶಾಂಭವಿಯಾದರೆ ಪ್ರತಿ ಸಂಜೆ ಶಿಫ್ಟು ಮುಗಿಸಿ ಅದೇ ಓಣಿಯಲ್ಲಿ ಮನೆಗೆ ಹೋಗಬೇಕು. ಎಡಕ್ಕೂ ಬಲಕ್ಕೂ ಬೋಟಿನವರ ಮನೆಗಳು. ಜಗಲಿಯ ಮೇಲೆ ಬಲೆ ಹೆಣೆಯುವವರು ಕತ್ತೆತ್ತಿ ನೋಡುತ್ತಾರೆ.

ಮೂರನೆಯ ಪರಿಹಾರ ಬಂದದ್ದು ವಾರ ಕಳೆದ ಮೇಲೆ. ಹುಯಿಲಗೋಳರ ಕಣ್ಣಿನಲ್ಲಿ ಹಳೆಯ ಹೊಳಪು ಮರಳಿತ್ತು. ಧಾರಾವಾಹಿಯ ನಾಯಕರೇ ಬೇಡ ಎಂದರು. ನೀವೇ ಇದ್ದೀರಲ್ಲ ಎಂದರು. ಗಾಜು ಒಡೆದು ಓಡಿದ್ದು, ಒಬ್ಬರೇ ಚಕ್ರ ತಿರುಗಿಸಿದ್ದು, ಬೋಟು ಒಳಗೆ ಬಂದ ಕೂಡಲೇ, ಅಣ್ಣ ನೀರಿನಲ್ಲಿದ್ದಾಗಲೇ, ಊರು ಮುಳುಗಬಾರದೆಂದು ಮತ್ತೆ ಕದ ಮುಚ್ಚಿದ್ದು, ಎಲ್ಲ ಕ್ಯಾಮರಾದಲ್ಲಿದೆ. ಇಂದ್ರಸೇನನ ಎದೆ, ತಾರಾಮತಿಯ ಕೈ, ಎರಡೂ ಒಬ್ಬಳಲ್ಲೇ. ಆರು ತಿಂಗಳು ಅವಳ ಎದುರು ಸಾವಿರ ಬಿರುಗಾಳಿಗಳನ್ನಿಡುತ್ತಾರೆ. ಅವಳು ನಿರ್ಧರಿಸುತ್ತಾಳೆ, ಯಂತ್ರ ಕಲಿಯುತ್ತದೆ. ಆಮೇಲೆ ಕರಾವಳಿಯ ಎಲ್ಲ ಬಾಗಿಲುಗಳಲ್ಲೂ ಶಾಂಭವಿಯೇ ಇರುತ್ತಾಳೆ, ಅವಳದೇ ದನಿಯಲ್ಲಿ. ಪ್ರಾಧಿಕಾರ ಒಪ್ಪಿದೆ. ಅವಳ ಬದುಕಿನ ಮೇಲೆ ಧಾರಾವಾಹಿ ತೆಗೆಯುವ ಮಾತೂ ಇದೆ. ಒಂದೇ ಷರತ್ತು. ಮನುಷ್ಯರ ಕೈ ಇನ್ನು ಮಧ್ಯೆ ಬರಕೂಡದು. ಕೈಚಕ್ರಗಳನ್ನು ಬಿಚ್ಚಿ ತೆಗೆಯುತ್ತಾರೆ. ಆ ದಿನ ಅವಳು ಕಿತ್ತುಕೊಂಡ ಕೀಲಿಯನ್ನು ಹಿಂತಿರುಗಿಸಬೇಕು.

ಕೀಲಿ ಅವಳ ಚೀಲದಲ್ಲೇ ಇತ್ತು. ಆ ಮಧ್ಯಾಹ್ನದಿಂದ ಅವಳು ಅದನ್ನು ಕೊಕ್ಕೆಗೆ ಹಾಕಿರಲಿಲ್ಲ.

*

ಗುಲಾಬಿ ಮತ್ತೆ ಮಾರುಕಟ್ಟೆಗೆ ಹೋಗತೊಡಗಿದ್ದಳು. ಸಂಜೆ ಬಂದು ಬುಟ್ಟಿ ಕವುಚಿಟ್ಟು, ಶಾಂಭವಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಒಳ್ಳೆಯದೇ ಆಯಿತಲ್ಲ ಎಂದಳು. ಎಲ್ಲ ಊರುಗಳ ಬಾಗಿಲಲ್ಲೂ ನಮ್ಮ ಹುಡುಗಿ ಇದ್ದರೆ ಬೋಟಿನವರು ನೆಮ್ಮದಿಯಿಂದ ಹೋಗಬಹುದು ಎಂದಳು. ಆಮೇಲೆ ಕೈಕಾಲು ತೊಳೆದು ಬಂದು, ಚಾ ಲೋಟ ಹಿಡಿದು, ಮೆಟ್ಟಿಲ ಮೇಲೆ ನಾದಿನಿಯ ಪಕ್ಕ ಕೂತಳು.

"ಒಂದ್ ಕೇಂತೆ. ಬೇಜಾರ್ ಮಾಡ್ಕಂಬೇಡ. ಆವತ್ತ್ ಅದ್ ನಿನ್ನ ಅಣ್ಣನ ಬೋಟ್ ಅಲ್ದಿದ್ರೆ, ನೀ ಗಾಜ್ ಒಡೀತಿದ್ಯಾ?"

ಶಾಂಭವಿ ಉತ್ತರ ಕೊಡಲು ಬಾಯಿ ತೆರೆದಳು. ಹೌದು ಎಂಬ ಮಾತು ಅಲ್ಲೇ ಇತ್ತು. ಆದರೆ ಅದಕ್ಕಿಂತ ಮೊದಲು ಇನ್ನೊಂದು ನೆನಪು ಬಂತು. ಹಿಂದಿನ ವರ್ಷ, ಪರವೂರಿನ ಬೋಟೊಂದು ತಡವಾಗಿ ಬಂದಿತ್ತು. ಕಪ್ತಾನ ಕದ ಮುಚ್ಚಿದ್ದ. ಬೋಟು ತೆಂಕಣ ಬಂಡೆಗಳ ಮರೆಗೆ ಹೋಗಿ, ಹೇಗೋ ಉಳಿದುಕೊಂಡಿತು. ಆವತ್ತು ಅವಳು ಕುರ್ಚಿಯಲ್ಲೇ ಕೂತಿದ್ದಳು. ಯಂತ್ರಕ್ಕೆ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಆ ಬೋಟಿನವರ ಹೆಸರು ಅವಳಿಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲೆ ಅತ್ತಿಗೆ," ಎಂದಳು.

ಗುಲಾಬಿ ತಲೆಯಾಡಿಸಿದಳು. ಆ ಉತ್ತರದಿಂದ ಅವಳಿಗೆ ನೋವಾದಂತೆ ಕಾಣಲಿಲ್ಲ. ಚಾ ಕುಡಿದು ಮುಗಿಸಿ, ಶಾಂಭವಿಯ ಲೋಟವನ್ನೂ ತೆಗೆದುಕೊಂಡು ಏಳುತ್ತ, ಹಾಗಾದ್ರೆ ಮುಂದಿನ ಸಲ ಗೊತ್ತಾಗ್ಲಿ, ನೀನೇ ಕೂತ್ಕೋ ಅಲ್ಲಿ ಎಂದಳು. ಒಳಗೆ ಹೋಗಿ ಲೋಟ ತೊಳೆದಳು.

ಶಾಂಭವಿ ಮೆಟ್ಟಿಲ ಮೇಲೆಯೇ ಇದ್ದಳು. ಯಂತ್ರ ಅವಳಿಂದ ಕಲಿತರೆ ಇದನ್ನೂ ಕಲಿಯುತ್ತದೆ. ಅಣ್ಣನಿಗೆ ಗಾಜು ಒಡೆದ ಕೈಯನ್ನೂ, ಪರವೂರಿನವರಿಗೆ ಅಲುಗದ ಕೈಯನ್ನೂ. ಕರಾವಳಿಯುದ್ದಕ್ಕೂ ಅದೇ ಶಾಂಭವಿ ಕೂತಿರುತ್ತಾಳೆ, ಒಂದೇ ಮಧ್ಯಾಹ್ನದ ಶಾಂಭವಿ. ಅವಳಿಗೆ ಇನ್ನೆಂದೂ ನಾಚಿಕೆಯಾಗುವುದಿಲ್ಲ, ಯಾರೂ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವುದಿಲ್ಲ, ಕೇಳಿದರೂ ಅವಳು ಬದಲಾಗುವುದಿಲ್ಲ. ತನ್ನಲ್ಲಿ ಇನ್ನೂ ಬದಲಾಗಬೇಕಾದದ್ದು ಇದೆ ಎಂದು ಅವಳಿಗೆ ಅನ್ನಿಸಿತು. ಅದಕ್ಕೆ ಬಿರುಗಾಳಿ ಬೇಕು, ಚಕ್ರ ಬೇಕು, ಓಣಿ ಬೇಕು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವಳು ಬೋಟುಗಳು ನಿಲ್ಲುವ ಧಕ್ಕೆಗೆ ಹೋದಳು. ಪರವೂರಿನ ಬೋಟೊಂದು ಮೀನು ಇಳಿಸುತ್ತಿತ್ತು. ನೆಲದ ಮೇಲೆ ನಿಂತಿದ್ದ, ಅದನ್ನು ನಡೆಸುವ ತಾಂಡೇಲನ ಹೆಸರು ಕೇಳಿದಳು. ಬಾಗಿಲಿನ ಅಕ್ಕ ತನ್ನ ಹೆಸರು ಕೇಳುತ್ತಿರುವುದೇಕೆಂದು ಅವನಿಗೆ ಗಾಬರಿಯಾಯಿತು. ದುಗ್ಗಪ್ಪ ಎಂದ. ಏನಾದರೂ ತಪ್ಪಾಯಿತೇ ಎಂದ. ಇಲ್ಲ, ಸುಮ್ಮನೆ ಎಂದಳು. ಮುಂದಿನ ಬೋಟಿಗೆ ಹೋದಳು.

*

ನಿಯಂತ್ರಣ ಕೊಠಡಿಯಲ್ಲಿ ಒಡೆದ ಗಾಜಿನ ಜಾಗಕ್ಕೆ ಹೊಸ ಗಾಜು ಬಂದಿತ್ತು. ಹುಯಿಲಗೋಳರು ಮೇಜಿನ ಮೇಲೆ ಧ್ವನಿಮುದ್ರಣದ ಯಂತ್ರ ಸಿದ್ಧವಾಗಿಟ್ಟು ಕೂತಿದ್ದರು. ಅವಳ ಕುರ್ಚಿಯ ಮೇಲೆ ಹೊಸ ದಿಂಬು ಕೂಡ ಇತ್ತು. ಕೆಳಗೆ ಇಬ್ಬರು ಮೆಕ್ಯಾನಿಕರು ಪಾನಾ ಹಿಡಿದು ಕೈಚಕ್ರದ ಬಳಿ ಕಾಯುತ್ತಿದ್ದರು. ಕಿಟಕಿಯಾಚೆ, ಪಡುವಣದಲ್ಲಿ, ಮೋಡ ಕಟ್ಟುತ್ತಿತ್ತು.

ಅವರು ಮತ್ತೊಮ್ಮೆ ಎಲ್ಲವನ್ನೂ ವಿವರಿಸಿದರು. ಮೊದಲಿಗಿಂತ ಮೃದುವಾಗಿ, ಮೊದಲಿಗಿಂತ ಚೆನ್ನಾಗಿ. ಅವಳೊಬ್ಬಳು ಈ ಬಾಗಿಲಲ್ಲಿ ಕೂತರೆ ಒಂದು ಊರು ಉಳಿಯುತ್ತದೆ, ಅದೂ ಅವಳ ಶಿಫ್ಟಿನಲ್ಲಿ ಮಾತ್ರ. ಯಂತ್ರದೊಳಗೆ ಕೂತರೆ ಕರಾವಳಿ ಉಳಿಯುತ್ತದೆ, ಹಗಲೂ ರಾತ್ರಿ. ಅವಳಿಗೆ ಜ್ವರ ಬಂದರೂ, ವಯಸ್ಸಾದರೂ, ಸತ್ತರೂ. ಈ ವಾದದಲ್ಲಿ ಸುಳ್ಳಿಲ್ಲವೆಂದು ಶಾಂಭವಿಗೆ ಗೊತ್ತಿತ್ತು. ಅದಕ್ಕೇ ಅದನ್ನು ಪೂರ್ತಿ ಕೇಳಿಸಿಕೊಂಡಳು.

"ಹೀರೋ ಆಗ್ಲಿಕ್ಕ ಯಾರರೇ ಒಲ್ಲೆ ಅಂತಾರೇನ್ರೀ ಮೇಡಂ?" ಎಂದು ನಕ್ಕು, ಹುಯಿಲಗೋಳರು ಕೀಲಿಗಾಗಿ ಕೈ ಚಾಚಿದರು.

ಅವಳು ಚೀಲದಿಂದ ಕೀಲಿ ತೆಗೆದಳು. ಅದಕ್ಕೆ ಬಲೆಯ ದಾರದ ಕುಣಿಕೆ ಹಾಕಿದ್ದಳು. ಕೊರಳಿಗೆ ಹಾಕಿಕೊಂಡು, ಕುರ್ಚಿಯ ಮೇಲಿನ ದಿಂಬನ್ನು ಎತ್ತಿ ಬದಿಗಿಟ್ಟು, ಕೂತಳು. ವೈರ್‌ಲೆಸ್ ಹಚ್ಚಿದಳು. ಹೊರಗೆ ಐದು ಬೋಟುಗಳಿದ್ದವು.

"ಇಲ್ಲ ಸರ್," ಎಂದಳು. "ಕೊಡುದಿಲ್ಲ."